ಅಂಕಮ್ಮನ ಕೊರಳಿನ ಸವತಿ

ಅಂಕಮ್ಮನಿಗೊಬ್ಬಳು ಸವತಿ ಇದ್ದಳು. ಸತ್ತು ಇಪ್ಪತ್ತು ವರ್ಷದ ಮೇಲಾಗಿದ್ದರೂ ಆ ಮನೆಯಲ್ಲಿ ಅವಳ ಮಾತೇ ನಡೆಯುತ್ತಿತ್ತು. ಅವರ ಮನೆಯ ಬೀದಿ ಕಡೆಯ ಕೋಣೆಗೆ ನಾನು ಬಾಡಿಗೆಗೆ ಬಂದ ಮೊದಲ ವಾರದಲ್ಲೇ ಇದು ನನಗೆ ಗೊತ್ತಾಯಿತು.

ಅದು ಎಪ್ಪತ್ತೆಂಟನೇ ಇಸವಿ. ಹಾಲ್ಕುರಿಕೆಯಿಂದ ಎರಡು ಮೈಲಿ ಒಳಗಿರುವ ಆ ಊರಿನ ಶಾಲೆಗೆ ಪಾಠ ಹೇಳಲು ನನ್ನನ್ನು ಹಾಕಿದ್ದರು. ನಾನು ಚಿಕ್ಕನಾಯಕನಹಳ್ಳಿಯವಳು, ತೆಂಗಿನಕಾಯಿ ಕಾಣದವಳೇನಲ್ಲ. ಆದರೆ ಅದರ ಕೆಳಗೆ ಮಲಗಿ ಅಭ್ಯಾಸವಿರಲಿಲ್ಲ. ಆ ಕೋಣೆಯ ಮೇಲೆ ಅಟ್ಟ, ಅಟ್ಟದ ತುಂಬ ಒಂದು ವರ್ಷದಿಂದ ಒಣಗುತ್ತಿದ್ದ ಏಳೆಂಟು ಸಾವಿರ ಕಾಯಿ. ಮೊದಲ ದಿನ ಮಂಚವನ್ನು ಮೂರು ಕಡೆ ಎಳೆದು ನೋಡಿದೆ. ಅಂಕಮ್ಮ ಬಾಗಿಲಲ್ಲಿ ನಿಂತು ನನ್ನ ಪರದಾಟವನ್ನು ಪೂರ್ತಿ ಅನುಭವಿಸಿ, ಎಲ್ಲಿಗೆ ಎಳೆದರೂ ಮೇಲೆ ಕಾಯಿಯೇ ಇರುವುದು ಎಂದು ಹೇಳಿ ಹೋದಳು. ಹೀಗೆ ಶುರುವಾಯಿತು ನಮ್ಮ ಸ್ನೇಹ.

ಅವಳಿಗಾಗ ನಲವತ್ತರ ಹತ್ತಿರ. ಇಬ್ಬರು ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕಳಿಸಿದ್ದಳು. ಗಂಡ ಗಿಡ್ಡಯ್ಯ ಹೆಸರಿಗೆ ಗಿಡ್ಡಯ್ಯ, ಆಳು ಆರಡಿ. ಮಾತು ಮಾತ್ರ ಗಿಡ್ಡ. ಕೊಬ್ಬರಿ ಬಿಡಿಸುವುದರಲ್ಲಿ ಅಂಕಮ್ಮನನ್ನು ಮೀರಿಸುವವರು ಸುತ್ತ ಹತ್ತು ಊರಲ್ಲಿರಲಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುವಳು. ಒಳಗಿನ ಒಣಕೊಬ್ಬರಿ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಲೊಡಲೊಡ ಅನ್ನುತ್ತದೆ, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಮಚ್ಚಿನ ಹಿಂಬದಿಯಿಂದ ಸುತ್ತಲೂ ನಾಲ್ಕು ಪೆಟ್ಟು ಹಾಕಿದರೆ ಚಿಪ್ಪು ಬಿಚ್ಚಿಕೊಂಡು ಗಿಟುಕು ಉಂಡೆಯಾಗಿಯೇ ಅವಳ ಮಡಿಲಿಗೆ ಬೀಳುತ್ತಿತ್ತು. ನಾನು ಒಂದು ಪ್ರಯತ್ನ ಮಾಡಿದೆ. ಅದು ಹೋಳಾಗಿ ನನ್ನ ಪಾಲಿಗೇ ಬಂತು, ಒಂದು ವಾರ ಚಟ್ನಿ ಮಾಡಿಕೊಂಡೆ.

ಸವತಿಯ ವಿಷಯಕ್ಕೆ ಬರುತ್ತೇನೆ. ಅವಳ ಹೆಸರು ಚಿಕ್ಕಗೌರಮ್ಮ, ಗಿಡ್ಡಯ್ಯನ ಮೊದಲ ಹೆಂಡತಿ. ಅವಳೀಗ ವಾಸವಾಗಿದ್ದದ್ದು ಅಂಕಮ್ಮನ ಕೊರಳಿನಲ್ಲಿ. ಮೊದಲ ಹೆಂಡತಿ ತೀರಿಕೊಂಡು ಗಂಡಸು ಮರುಮದುವೆಯಾದರೆ, ಹೊಸಬಳ ಕೊರಳಿಗೆ ತಾಳಿಯ ಜೊತೆಗೆ ಸವತಿ ಪದಕ ಅಂತ ಒಂದು ಬೆಳ್ಳಿ ಬಿಲ್ಲೆ ಕಟ್ಟುವ ಪದ್ಧತಿ ಆ ಮನೆತನದಲ್ಲಿತ್ತು. ಬಿಲ್ಲೆಯ ಮೇಲೆ ಒಂದು ಹೆಣ್ಣುಮುಖ. ಅದು ಸತ್ತವಳ ಮುಖವೆಂದೇ ತಿಳಿಯಬೇಕು. ಹಬ್ಬದಡುಗೆಯ ಮೊದಲ ತುತ್ತು ಅವಳಿಗೆ. ಹೊಸ ಸೀರೆ ತಂದರೆ ಮೊದಲು ಅವಳಿಗೆ ಮುಟ್ಟಿಸಿ ಆಮೇಲೆ ಇವಳು ಉಡಬೇಕು. ಮರೆತರೆ ಸವತಿ ಮುನಿಯುತ್ತಾಳೆ, ಮಕ್ಕಳಿಗೆ ಜ್ವರ ಬರುತ್ತದೆ, ಕರೆಯುವ ಹಸು ಒದೆಯುತ್ತದೆ.

ಅಂಕಮ್ಮನ ಪದಕ ನಾಲ್ಕಾಣೆಯಷ್ಟಗಲ, ಆದರೆ ಅದರ ಎರಡರಷ್ಟು ದಪ್ಪ. ಅಂಚಿನ ಸುತ್ತ ಗರಗಸದ ಹಾಗೆ ಕಚ್ಚುಗಳು. ಒಂದು ಕಡೆ ಪಕ್ಕಕ್ಕೆ ತಿರುಗಿದ ಹೆಣ್ಣಿನ ಮುಖ: ಹಣೆಯಿಂದ ಸೀದಾ ಇಳಿದ ಮೂಗು, ತುಂಬಿದ ಗಲ್ಲ, ಮುಡಿಯಲ್ಲಿ ಹೂವಿನ ಬದಲು ಪೈರಿನ ತೆನೆ. ಇನ್ನೊಂದು ಕಡೆ ಜೋಡೆತ್ತು ಹೂಡಿ ಉಳುತ್ತಿರುವ ಗಂಡಸು. ಅವನು ಗಿಡ್ಡಯ್ಯನೇ ಎಂದು ಇಡೀ ಊರು ನಂಬಿತ್ತು. ಅಕ್ಕಸಾಲಿ ಸಂತೋಷಕ್ಕೆ ಗಂಡನನ್ನೂ ಹಿಂದೆ ಕೆತ್ತಿಕೊಟ್ಟನಂತೆ. ಸುತ್ತ ಸವೆದ ಕೆಲವು ಇಂಗ್ಲಿಷ್ ಅಕ್ಷರಗಳಿದ್ದವು. ಮಕ್ಕಳಿಗೆ ಎ ಬಿ ಸಿ ಡಿ ಕಲಿಸುವ ನಾನು ಕೂಡ ಅದು ಅಕ್ಕಸಾಲಿಯ ಗುರುತಿರಬೇಕು ಅಂದುಕೊಂಡು ಸುಮ್ಮನಾದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಪದಕ ಊರಿಗೆಲ್ಲ ಹವಾಮಾನ ವರದಿಯಾಗಿತ್ತು. ಸವತಿಯ ಮೇಲೆ ಸಿಟ್ಟು ಬಂದರೆ ಅಂಕಮ್ಮ ಅವಳ ಮುಖವನ್ನು ಒಳಕ್ಕೆ ತಿರುಗಿಸಿ ಎತ್ತನ್ನು ಹೊರಗೆ ಬಿಡುತ್ತಿದ್ದಳು. ಗಂಡನ ಮೇಲೆ ಸಿಟ್ಟಾದರೆ ಎತ್ತೂ ಉಳುವವನೂ ಒಳಗೆ, ಸವತಿ ಹೊರಗೆ. ಎರಡರಲ್ಲಿ ಒಂದು ಯಾವಾಗಲೂ ಹೊರಗಿರಲೇಬೇಕಾದ್ದರಿಂದ ಆ ಮನೆಯಲ್ಲಿ ಯಾರಾದರೊಬ್ಬರ ಮೇಲೆ ಸದಾ ಸಿಟ್ಟಿರುತ್ತಿತ್ತು. ಪಕ್ಕದ ಮನೆಯ ರಂಗಕ್ಕ ಮಜ್ಜಿಗೆ ಕೇಳಲು ಬಂದರೂ ಮೊದಲು ಅವಳ ಕೊರಳು ನೋಡಿಯೇ ಬಾಯಿ ತೆರೆಯುತ್ತಿದ್ದಳು.

ಸವತಿಯಿಂದ ಅಂಕಮ್ಮನಿಗೆ ಅನುಕೂಲವೂ ಇತ್ತು, ಅದನ್ನು ಮುಚ್ಚಿಡಬಾರದು. ಗಿಡ್ಡಯ್ಯ ಯಾವುದಕ್ಕೂ ಸುಲಭವಾಗಿ ಒಪ್ಪುವ ಆಸಾಮಿಯಲ್ಲ. ಒರಳು ಸವೆದಿದೆ, ಬದಲಾಯಿಸೋಣ ಎಂದರೆ ಇನ್ನೊಂದು ವರ್ಷ ನೋಡೋಣ ಎನ್ನುವನು. ಆಗ ಬೆಳಿಗ್ಗೆ ಎದ್ದು ಅಂಕಮ್ಮ, ಅಕ್ಕ ಕನಸಿನಲ್ಲಿ ಬಂದಿದ್ದಳು, ಒರಳಿನ ಮುಂದೆ ಕೂತು ಅಳುತ್ತಿದ್ದಳು ಎನ್ನುವಳು. ಅದೇ ವಾರ ಹೊಸ ಒರಳು ಬರುವುದು. ಹೀಗೆಯೇ ಎರಡನೇ ಹಸು ಬಂತು, ಬಚ್ಚಲಿಗೆ ಹಂಡೆ ಬಂತು, ವರ್ಷಕ್ಕೊಮ್ಮೆ ಸಂಪಿಗೆ ಊರಿನ ಶ್ರೀನಿವಾಸನ ದರ್ಶನವಾಯಿತು. ನನಗೆ ಕೋಣೆ ಸಿಕ್ಕಿದ್ದೂ ಸವತಿಯ ಕೃಪೆಯಿಂದಲೇ. ಗಿಡ್ಡಯ್ಯ ಆಗುವುದಿಲ್ಲ ಎಂದಿದ್ದನಂತೆ. ಓದಿದ ಹೆಣ್ಣುಮಗಳು ಮನೆಯಲ್ಲಿದ್ದರೆ ಒಳ್ಳೆಯದೆಂದು ಚಿಕ್ಕಗೌರಮ್ಮ ಕನಸಿನಲ್ಲಿ ಶಿಫಾರಸು ಮಾಡಿದಳಂತೆ. ಆ ಕನಸುಗಳಲ್ಲಿ ಒಂದಾದರೂ ನಿಜವೇ ಎಂದು ಕೇಳಿದ್ದಕ್ಕೆ ಅಂಕಮ್ಮ, ಮೇಷ್ಟ್ರಮ್ಮನಾಗಿ ಇಂಥದ್ದನ್ನೆಲ್ಲ ಕೇಳಬಾರದು ಎಂದಳು.

ಆದರೆ ಒಂದು ಮಧ್ಯಾಹ್ನ, ಕೊಬ್ಬರಿ ಬಿಡಿಸುತ್ತ ಕೂತವಳು ಮಚ್ಚು ಕೆಳಗಿಟ್ಟು, ನಾನು ಕೇಳದೆಯೇ ಹೇಳಿದಳು.

“ನಾನು ಕೇಳಿದ್ರೆ ಇಲ್ಲ ಅಂತಾರೆ ಕಣವ್ವ. ಅವ್ಳು ಕೇಳಿದ್ರೆ ತುಟಿ ಪಿಟಕ್ಕನ್ನಲ್ಲ. ಇಪ್ಪತ್ತೆಲ್ಡು ವರ್ಸ ಆತು, ಇನ್ನೂ ಅವ್ಳ ಮ್ಯಾಲೇ ಐತೆ ಅವ್ರ ಜೀವ.”

ಪದಕವನ್ನು ಬೆರಳಲ್ಲಿ ಎತ್ತಿ ಆ ಮೂಗನ್ನು ತೋರಿಸಿದಳು. ಇಂಥ ಮೂಗಿನವಳ ಜೊತೆ ಬಾಳಿದ ಗಂಡಸು ತನ್ನಂಥವಳನ್ನು ಕಣ್ಣೆತ್ತಿ ಯಾಕೆ ನೋಡುತ್ತಾನೆ ಎಂದಳು. ಗಿಡ್ಡಯ್ಯ ಅವಳ ಮುಖ ನೋಡಿ ಮಾತಾಡಿದ್ದನ್ನು ನಾನೂ ಕಂಡಿರಲಿಲ್ಲ. ಮಾತಾಡಿದರೆ ಕಂಬಕ್ಕೋ, ಹಸುವಿಗೋ, ತಟ್ಟೆಯಲ್ಲಿದ್ದ ಮುದ್ದೆಗೋ ಹೇಳಿದ ಹಾಗೆ ಮಾತಾಡುತ್ತಿದ್ದ. ಕನಸಿನ ಕಥೆ ಕಟ್ಟಿ ಅವಳು ಗೆದ್ದ ಪ್ರತಿ ಸಾಮಾನೂ ಅವಳಿಗೆ ಒಂದೊಂದು ಸೋಲಾಗಿತ್ತು ಎಂದು ಆವತ್ತು ನನಗೆ ಅರ್ಥವಾಯಿತು.

ಮಾರನೆಯ ವರ್ಷ ಬೇಸಿಗೆಗೆ ಮುಂಚೆ ತಿಪಟೂರಿನಿಂದ ಕಾಲೇಜಿನ ಚರಿತ್ರೆ ಮೇಷ್ಟ್ರೊಬ್ಬರು ಬಂದರು. ಹೆಸರು ನಂಜುಂಡಪ್ಪ. ನಮ್ಮ ಶಾಲೆಯ ಮುಂದೆ ದನ ಕಟ್ಟುತ್ತಿದ್ದ ಒಂದು ವೀರಗಲ್ಲನ್ನು ನೋಡಲು ಬಂದವರು. ಬಿಸಿಲಲ್ಲಿ ಎರಡು ಗಂಟೆ ಕಲ್ಲನ್ನು ಉಜ್ಜಿ ಉಜ್ಜಿ ಕೆಂಪಾಗಿದ್ದರು. ಪಾಪವೆನಿಸಿ ಮನೆಗೆ ಕರೆದುಕೊಂಡು ಬಂದೆ. ಅಂಕಮ್ಮ ಬಗ್ಗಿ ಮಜ್ಜಿಗೆ ಬಗ್ಗಿಸುವಾಗ ಪದಕ ಮುಂದಕ್ಕೆ ಜೋತಾಡಿತು. ಮೇಷ್ಟ್ರು ಲೋಟ ಹಿಡಿದದ್ದು ಮರೆತರು. ಲೋಟ ತುಂಬಿ, ಕೈ ತುಂಬಿ, ಪಂಚೆಯ ಮೇಲೆ ಮಜ್ಜಿಗೆ ಹರಿಯಿತು. ಅವರು ಮಾತ್ರ ಕಣ್ಣು ಪಿಳುಕಿಸದೆ ಅವಳ ಕೊರಳನ್ನೇ ನೋಡುತ್ತಿದ್ದರು. ಜಗಲಿಯಲ್ಲಿ ಕೂತಿದ್ದ ಗಿಡ್ಡಯ್ಯ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ. ಮೂರನೆಯ ಸಲ ಕೆಮ್ಮುವಾಗ ಮಚ್ಚು ಕೈಗೆ ತೆಗೆದುಕೊಂಡಿದ್ದ.

ಆಗ ಮೇಷ್ಟ್ರಿಗೆ ಎಚ್ಚರವಾಯಿತು. ಗಡಿಬಿಡಿಯಿಂದ ಕ್ಷಮೆ ಕೇಳಿ, ಆ ನಾಣ್ಯವನ್ನು ಒಮ್ಮೆ ಹತ್ತಿರದಿಂದ ನೋಡಬಹುದೇ ಎಂದರು. ನಾಣ್ಯವಲ್ಲ, ನಮ್ಮಕ್ಕ ಎಂದಳು ಅಂಕಮ್ಮ. ಅಕ್ಕನನ್ನು ಕೊರಳಿಂದ ತೆಗೆಯುವ ಹಾಗಿರಲಿಲ್ಲ. ಕೊನೆಗೆ ಅವಳು ಸರವನ್ನು ಆದಷ್ಟು ಮುಂದಕ್ಕೆ ಎಳೆದು ಹಿಡಿದಳು, ಮೇಷ್ಟ್ರು ಆದಷ್ಟು ಹಿಂದೆ ನಿಂತು ಭೂತಗನ್ನಡಿ ಚಾಚಿದರು, ಇಬ್ಬರ ಮಧ್ಯೆ ಮರ್ಯಾದೆಗಾಗಿ ನಾನು ನಿಂತೆ. ನೋಡಿ ಮುಗಿಸಿದ ಮೇಲೆ ಮೇಷ್ಟ್ರು ಭೂತಗನ್ನಡಿಯನ್ನು ಜೇಬಿಗೆ ಹಾಕಿದರು. ಇದು ರೋಮ್ ದೇಶದ ಬೆಳ್ಳಿ ನಾಣ್ಯ, ಎರಡು ಸಾವಿರ ವರ್ಷದ್ದು, ನಮ್ಮ ಮೆಣಸು ಕೊಳ್ಳಲು ಬಂದ ವ್ಯಾಪಾರಿಗಳ ಜೊತೆ ಬಂದಿರಬೇಕು ಎಂದರು. ಮುಡಿಯಲ್ಲಿ ತೆನೆಯಿರುವುದರಿಂದ ಈಕೆ ಅವರ ಸುಗ್ಗಿಯ ದೇವತೆ, ಹೆಸರು ಸೆರಿಸ್ ಎಂದರು. ನೆಲದಲ್ಲಿ ಸಿಕ್ಕ ಇಂಥ ವಸ್ತುವನ್ನು ಸರ್ಕಾರಕ್ಕೆ ಒಪ್ಪಿಸಬೇಕು, ಅದರ ಕಾಗದಪತ್ರವನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದೂ ಸೇರಿಸಿದರು. ಎಲ್ಲಿ ಸಿಕ್ಕಿತು ಎಂದು ಅವರು ಕೇಳುವ ಹೊತ್ತಿಗೆ ಗಿಡ್ಡಯ್ಯ ಜಗಲಿಯಲ್ಲಿರಲಿಲ್ಲ. ತೋಟದ ಕಡೆ ಅವನ ಬೆನ್ನು ಮಾತ್ರ ಕಾಣಿಸಿತು.

ಅಂಕಮ್ಮ ಕೇಳಿದ್ದು ಒಂದೇ ಪ್ರಶ್ನೆ. ಆಯಮ್ಮನ ಊರಲ್ಲಿ ತೆಂಗು ಇತ್ತಾ ಎಂದಳು. ಇರಲಿಲ್ಲ, ಗೋಧಿ ಬೆಳೆಯುತ್ತಿದ್ದರು ಎಂದರು ಮೇಷ್ಟ್ರು. ಅದಕ್ಕೇ ಇಷ್ಟು ವರ್ಷ ಎಷ್ಟು ಕೈಮುಗಿದರೂ ನಮ್ಮ ತೋಟದಲ್ಲಿ ಎಳೆಯ ಅರಳುಕಾಯಿ ಉದುರುವುದು ನಿಲ್ಲಲಿಲ್ಲ ಎಂದು ಹೇಳಿ, ಮಜ್ಜಿಗೆ ಚೆಲ್ಲಿದ ಜಾಗ ಒರೆಸಲು ಕೂತಳು.

ಒಂದು ವಾರ ಅವಳು ಗಂಡನ ಹತ್ತಿರ ಜಗಳವಾಡಲಿಲ್ಲ. ಪದಕವನ್ನು ಕುಪ್ಪಸದೊಳಗೆ ಸೇರಿಸಿಬಿಟ್ಟಳು. ಎತ್ತೂ ಇಲ್ಲ, ಮುಖವೂ ಇಲ್ಲ. ರಂಗಕ್ಕ ಎರಡು ಸಲ ಬಂದು ಮಜ್ಜಿಗೆ ಕೇಳದೆ ವಾಪಸು ಹೋದಳು. ಅಂಕಮ್ಮ ನನ್ನ ಹತ್ತಿರ ಹೇಳಿಕೊಂಡದ್ದು ಇಷ್ಟು: ಇವರು ಬೆಳ್ಳಿಯ ಖರ್ಚು ಉಳಿಸಲು ಕೈಗೆ ಸಿಕ್ಕಿದ್ದನ್ನು ಕಟ್ಟಿ ಕೈತೊಳೆದುಕೊಂಡರು, ಹೊಟ್ಟೆ ತುಂಬ ಪ್ರೀತಿಯಿದ್ದ ಹೆಂಡತಿಗೇ ಹೀಗೆ ಮಾಡಿದವರು ನನಗೇನು ಮಾಡಿಯಾರು. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತೆರಡು ವರ್ಷ ಚಿಕ್ಕಗೌರಮ್ಮನಿಗೆ ಸಲ್ಲಬೇಕಾದ ಹೋಳಿಗೆಯನ್ನು ಯಾರೋ ಪರದೇಶದವಳು ತಿಂದುಕೊಂಡು ಕೂತಿದ್ದಳಲ್ಲ ಎಂಬ ಸಂಕಟ. ಸವತಿಯ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಅಕ್ಕರೆ ಹುಟ್ಟಿಬಿಟ್ಟಿತ್ತು.

ಭಾನುವಾರ ಬೆಳಿಗ್ಗೆ ಗಂಡನಿಗೆ, ಏಳಿ ತಿಪಟೂರಿಗೆ ಹೋಗೋಣ, ಅಕ್ಕನಿಗೆ ಅವಳದೇ ಪದಕ ಮಾಡಿಸಬೇಕು ಎಂದಳು. ಕನಸಿನ ಮಾತೇ ಎತ್ತಲಿಲ್ಲ. ಗಿಡ್ಡಯ್ಯ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟ. ನನಗೂ ಪೇಟೆಯಲ್ಲಿ ಕೆಲಸವಿತ್ತು. ಇರಲಿಲ್ಲ, ಸುಳ್ಳು ಹೇಳಿದೆ, ಏನಾಗುತ್ತದೆ ನೋಡಬೇಕಿತ್ತು.

ಆ ಪದಕಕ್ಕೆ ಕೊಂಡಿ ಹಾಕಿಕೊಟ್ಟ ಅಕ್ಕಸಾಲಿ ತೀರಿಕೊಂಡಿದ್ದ. ಅದೇ ಅಂಗಡಿಯಲ್ಲಿ ಅವನ ಮಗ ಕೂತಿದ್ದ. ಅಂಕಮ್ಮ ವಿಷಯ ಹೇಳಿದಳು. ಅವನು ಬೆಳ್ಳಿ ತಗಡು ಮುಂದಿಟ್ಟುಕೊಂಡು, ಮುಖ ದುಂಡಗಿರಬೇಕೋ ಕೋಲಾಗಿರಬೇಕೋ, ಆಯಮ್ಮ ಹೇಗಿದ್ದರು ಹೇಳಿ, ಆದಷ್ಟು ಹಾಗೇ ಮಾಡಿಕೊಡುತ್ತೇನೆ ಎಂದು ಗಿಡ್ಡಯ್ಯನನ್ನು ಕೇಳಿದ. ಗಿಡ್ಡಯ್ಯ ಕುಲುಮೆಯನ್ನೇ ನೋಡುತ್ತ ಕೂತ. ಅಕ್ಕಸಾಲಿ ಮತ್ತೆ ಕೇಳಿದ. ಅಂಕಮ್ಮನಿಗೆ ಗಂಡನ ಬಾಯಿಂದ ಸವತಿಯ ಅಂದ ಚೆಂದ ಕೇಳುವ ಗಳಿಗೆ ಬಂದಿತ್ತು. ಅದನ್ನು ಹೇಗೆ ತಡೆದುಕೊಳ್ಳುತ್ತಾಳೋ ಎಂದು ನಾನು ಹೆದರಿದ್ದೆ.

“ನಿಮ್ಮಪ್ಪನೂ ಇದನ್ನೇ ಕೇಳ್ದ,” ಎಂದ ಗಿಡ್ಡಯ್ಯ. “ಇಲ್ಲೇ ಕೂತಿದ್ದೆ. ನಂಗೆ ಹೇಳಕ್ಕೆ ಬರ್ನಿಲ್ಲ.”

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಉಳಿದದ್ದು ಹೊರಬಂತು. ಅಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದು ಅದೇ ಮೊದಲಿರಬೇಕು. ಮದುವೆಯಾಗಿ ಚಿಕ್ಕಗೌರಮ್ಮ ಆ ಮನೆಯಲ್ಲಿದ್ದದ್ದು ಹದಿನಾಲ್ಕು ತಿಂಗಳು. ಆಗ ಮನೆಯಲ್ಲಿ ಹನ್ನೊಂದು ಜನ, ಎಲ್ಲರ ಮೇಲೆ ಅವನ ತಾಯಿ ಭೈರಮ್ಮನ ಕಣ್ಣು. ಹಿರಿಯರ ಎದುರು ಹೆಂಡತಿಯ ಮುಖ ನೋಡುವುದು ನಾಚಿಕೆಗೇಡು. ಹಗಲು ಅವನು ತೋಟದಲ್ಲಿ, ಅವಳು ಅಡುಗೆಮನೆಯಲ್ಲಿ. ಸೆರಗು ಸದಾ ತಲೆಯ ಮೇಲೆ. ಹೆರಿಗೆಗೆಂದು ತವರಿಗೆ ಹೋದವಳು ಅಲ್ಲಿಯೇ ತೀರಿಕೊಂಡಳು. ಮುದ್ದೆ ಇಡುವ ಕೈ ನೆನಪಿತ್ತು, ಹಸಿರು ಬಳೆ ನೆನಪಿತ್ತು, ಬಾಗಿಲ ಹಿಂದೆ ಕೆಮ್ಮುತ್ತಿದ್ದದ್ದು ನೆನಪಿತ್ತು. ಮುಖ ಎಷ್ಟು ಯೋಚಿಸಿದರೂ ಬರಲಿಲ್ಲ. ಮರುಮದುವೆಯ ಹಿಂದಿನ ವಾರ ತೆಂಗಿನ ಸಸಿಗೆ ಗುಂಡಿ ತೋಡುವಾಗ ಸಿಕ್ಕ ಆ ನಾಣ್ಯ ಜೇಬಿನಲ್ಲಿತ್ತು. ನಾಚಿಕೆ ತಾಳಲಾರದೆ ಅದನ್ನೇ ತೆಗೆದು, ಹೀಗೇ ಇದ್ದಳು ಎಂದು ಅಕ್ಕಸಾಲಿಯ ಕೈಗೆ ಕೊಟ್ಟ.

“ಬ್ಯಾರೆ ಯಾರ್ದೋ ಮುಖನ ಅವ್ಳ ಹೆಸ್ರಲ್ಲಿ ಕಟ್ಟಿದ್ನಲ್ಲ, ಅದ್ಕೇ ಅವ್ಳು ಕನಸ್ನಾಗೆ ಬಂದು ಏನು ಕೇಳಿದ್ರೂ ಇಲ್ಲ ಅನ್ನಕ್ಕೆ ಧೈರ್ಯ ಸಾಲ್ತಿರ್ನಿಲ್ಲ.”

ನಾನು ಅಂಕಮ್ಮನ ಕಡೆ ನೋಡಿದೆ. ಅಂಕಮ್ಮ ಅಂಗಡಿಯ ಹೆಂಚು ನೋಡುತ್ತಿದ್ದಳು. ಒರಳು, ಹಂಡೆ, ಹಸು, ಸಂಪಿಗೆಯ ದರ್ಶನ ಎಲ್ಲವೂ ಅವಳ ಕಣ್ಣ ಮುಂದೆ ಸಾಲಾಗಿ ಹೋಗುತ್ತಿದ್ದವೋ ಏನೋ. ಪ್ರೀತಿಯೆಂದು ಅವಳು ಇಷ್ಟು ವರ್ಷ ಹೊಟ್ಟೆ ಉರಿಸಿಕೊಂಡದ್ದು ಬರೀ ಹೆದರಿಕೆಯಾಗಿತ್ತು.

ಕೊನೆಗೆ ಅವಳು ಅಕ್ಕಸಾಲಿಗೆ, ಮುಖ ಬೇಡ, ಬರೀ ಬಿಲ್ಲೆ ಮಾಡಿ ಎಂದಳು. ಅವನು ತಬ್ಬಿಬ್ಬಾದ, ಮುಖವಿಲ್ಲದ ಸವತಿ ಪದಕವನ್ನು ತಮ್ಮ ಮನೆಯಲ್ಲಿ ಯಾರೂ ಮಾಡಿದವರಲ್ಲ ಎಂದ. ಯಾರೂ ನೋಡದ ಮುಖವನ್ನು ಯಾಕೆ ಸುಳ್ಳುಸುಳ್ಳು ಬರೆಯುತ್ತೀರಿ, ಅವಳನ್ನು ನಾನು ಹೆಸರು ಹಿಡಿದೇ ಮಾತಾಡಿಸುತ್ತೇನೆ ಎಂದಳು. ಅಲ್ಲೇ ಕೂತು ನುಣ್ಣನೆಯ ಬಿಲ್ಲೆ ಮಾಡಿಸಿ ಕೊರಳಿಗೆ ಪೋಣಿಸಿಕೊಂಡಳು.

ರೋಮಿನವಳನ್ನು ನಂಜುಂಡಪ್ಪ ಮೇಷ್ಟ್ರ ಮನೆಗೆ ಹೋಗಿ ಒಪ್ಪಿಸಿದೆವು. ಅವರು ಎರಡು ಕೈಯಲ್ಲಿ ತೆಗೆದುಕೊಂಡು, ಅಂಕಮ್ಮನ ಹೆಸರಿನಲ್ಲಿ ಒಂದು ರಸೀದಿ ಬರೆದುಕೊಟ್ಟರು. ಹೊರಡುವಾಗ ಅಂಕಮ್ಮ, ಹಬ್ಬದ ದಿನ ಮೊದಲ ತುತ್ತು ಅವಳಿಗೇ ಇಡಬೇಕು, ಅಭ್ಯಾಸ ಆಗಿಹೋಗಿದೆ, ತಪ್ಪಿದರೆ ಮನೆಯವರಿಗೆ ಹೊಟ್ಟೆನೋವು ಬರುತ್ತದೆ ಎಂದು ಎಚ್ಚರಿಸಿದಳು. ಮೇಷ್ಟ್ರು ನಕ್ಕರು. ಒಳಗೆ ಅವರ ಹೆಂಡತಿ ನಗಲಿಲ್ಲ. ಆ ಮನೆಯಲ್ಲಿ ಮುಂದಿನ ಯುಗಾದಿಗೆ ಏನು ನಡೆಯಿತೋ ನಾನು ಕೇಳಲು ಹೋಗಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಂದಾಗ ಮೂರು ಗಂಟೆ. ನಮ್ಮ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಗಂಡನನ್ನು ಕೂರಿಸಿ ಅಂಕಮ್ಮ ಅವನ ಎದುರಿಗೆ ತನ್ನ ಬುಟ್ಟಿ ಬೋರಲು ಹಾಕಿ ಕೂತಳು. ಕಣ್ಣು ಮುಚ್ಚಿಕೊಳ್ಳಿ ಎಂದಳು. ಅವನು ಮುಚ್ಚಿಕೊಂಡ. ಈಗ ನನ್ನ ಮುಖ ಹೇಗಿದೆ ಹೇಳಿ ಎಂದಳು.

ಗಿಡ್ಡಯ್ಯನ ಹಣೆಯ ಮೇಲೆ ಬೆವರೊಡೆಯಿತು. ಹಣೆಗೆ ಕುಂಕುಮ ಇಟ್ಟಿದ್ದೀಯ ಎಂದ. ಅದು ಡಬ್ಬಿಯದು, ನನ್ನದಲ್ಲ ಎಂದಳು. ಮೂಗುಬಟ್ಟು ಇದೆ ಎಂದ. ಯಾವ ಕಡೆ ಎಂದಳು. ಎಡಗಡೆ ಎಂದ. ಅದು ಬಲಗಡೆಯಿತ್ತು. ಪಕ್ಕದಲ್ಲಿ ಕಡಲೆಕಾಯಿ ಮಾರುವವಳು ಕಿಸಕ್ಕೆಂದಳು. ನನಗೂ ನಗು ಬಂತು, ಅಷ್ಟರಲ್ಲಿ ಅಂಕಮ್ಮನ ದನಿ ಬದಲಾಯಿತು.

“ನಾಳೆ ನಾನು ಸತ್ರೆ ಆ ಆಚಾರಿ ಮತ್ತೆ ಕೇಳ್ತಾನೆ. ಅವತ್ತು ಯಾರ ಮುಖ ತೋರುಸ್ತೀರಿ? ಕಣ್ಣು ಬುಡಿ. ನೋಡಿ.”

ಗಿಡ್ಡಯ್ಯ ಕಣ್ಣು ಬಿಟ್ಟ. ಮೊದಲು ಬುಟ್ಟಿ ನೋಡಿದ, ಆಮೇಲೆ ಅವಳ ಕಾಲು, ಆಮೇಲೆ ಕೊರಳ ಹೊಸ ಬಿಲ್ಲೆ. ಅಲ್ಲಿಂದ ಮೇಲೇರಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಏರಿದ ಮೇಲೆ ನೋಟ ಕೆಳಗಿಳಿಯಲಿಲ್ಲ. ಹಾಲ್ಕುರಿಕೆ, ಹಾಲ್ಕುರಿಕೆ ಎಂದು ಕಂಡಕ್ಟರ್ ಕೂಗಿದ. ಕಾಯುತ್ತಿದ್ದ ಜನವೆಲ್ಲ ಹತ್ತಿತು, ಬಸ್ಸು ಎರಡು ಸಲ ಹಾರನ್ ಮಾಡಿತು. ನಾನು ಎದ್ದು ನಿಂತೆ, ಮತ್ತೆ ಕೂತೆ. ಬಸ್ಸು ಹೋಯಿತು.

“ಕಿವಿ ಪಕ್ಕ ಕೂದ್ಲು ಬೆಳ್ಳಗಾಗೈತಲ್ಲೇ,” ಎಂದ ಗಿಡ್ಡಯ್ಯ. “ಯಾವಾಗಾಯ್ತು?”

ಅಂಕಮ್ಮ ಸೆರಗನ್ನು ಮುಖಕ್ಕೆ ತಂದಳು. ಗಿಡ್ಡಯ್ಯ ಅಷ್ಟು ಜನರ ನಡುವೆ ಅವಳ ಕೈ ಹಿಡಿದು ಸೆರಗನ್ನು ಕೆಳಗಿಳಿಸಿದ.

“ತಡಿಯೇ,” ಎಂದ. “ಇನ್ನೂ ನೋಡ್ತಾ ಇವ್ನಿ.”